ಮಾತ್ರೆ ಇಲ್ಲದೆ ನಿದ್ರಾಹೀನತೆಯಿಂದ ಹೊರಬರುವುದು ಹೇಗೆ? ಗೊತ್ತಿದ್ದವರು ಹೇಳಿ

ಅರ್ಧರಾತ್ರಿ

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳಿಂದ ನಿದ್ದೆಯದ್ದೇ ದೊಡ್ಡ ತೊಂದರೆ ಆಗಿದೆ. ಕೆಲಸದಲ್ಲಿ ಒತ್ತಡ ಜಾಸ್ತಿ ಇದ್ದಾಗ ಶುರುವಾಯಿತು. ಆ ಒತ್ತಡ ಮುಗಿದು ಬಹಳ ದಿನ ಆಯಿತು. ನಿದ್ದೆ ಮಾತ್ರ ಸರಿಹೋಗಲಿಲ್ಲ. ಮಲಗಿದ ಮೇಲೆ ಗಂಟೆಗಟ್ಟಲೆ ಹೊರಳಾಡುತ್ತೇನೆ. ಹೇಗೋ ನಿದ್ದೆ ಹತ್ತಿದರೆ ಮೂರು ಗಂಟೆಗೆ ಎಚ್ಚರ. ಆಮೇಲೆ ಬಹಳ ಹೊತ್ತು ಸುಮ್ನೆ ಕಣ್ಣು ಮುಚ್ಚಿಕೊಂಡು ಬಿದ್ದಿರುತ್ತೇನೆ.

ಒಂದು ವಿಷಯ ನನಗೆ ಅರ್ಥವೇ ಆಗುತ್ತಿಲ್ಲ. ಸಂಜೆ ಟಿವಿ ಮುಂದೆ ಕೂತರೆ ಕಣ್ಣು ಎಳೆಯುತ್ತದೆ. ಎದ್ದು ಹೋಗಿ ಹಾಸಿಗೆಗೆ ತಲೆ ಕೊಟ್ಟರೆ ನಿದ್ದೆ ಹಾರಿಹೋಗುತ್ತದೆ.

ನಿದ್ದೆ ಮಾತ್ರೆ ಶುರು ಮಾಡಲು ಮನಸ್ಸಿಲ್ಲ. ಮೆಲಟೋನಿನ್ ಅಂತಾರೆ, ಗಿಡಮೂಲಿಕೆ ಅಂತಾರೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸದ್ಯಕ್ಕೆ ರಾತ್ರಿ 9ಕ್ಕೇ ಮಲಗಿ ಬೆಳಗ್ಗೆ 7ರವರೆಗೆ ಹಾಸಿಗೆಯಲ್ಲೇ ಇರುತ್ತೇನೆ. ಅಷ್ಟರೊಳಗೆ ಸಿಕ್ಕಷ್ಟು ಸಿಗಲಿ ಅಂತ. ಒಟ್ಟು ಐದೂವರೆ ಗಂಟೆ ನಿದ್ದೆ ಆಗುತ್ತಿರಬಹುದು. ನಿಜವಾಗಿ ಫಲ ಕೊಡುವ ಸಹಜ ದಾರಿ ಯಾವುದಾದರೂ ಇದೆಯಾ?

ತಿಳಿಗಾಳಿ

ಮಲಗುವ ಮುಂಚೆ ಬಿಸಿನೀರಿನ ಸ್ನಾನ ಮಾಡಿ, ಫೋನ್ ಪಕ್ಕಕ್ಕಿಡಿ, ರೂಮು ತಂಪಾಗಿ ಕತ್ತಲಾಗಿ ಇರಲಿ. ನನಗೆ ಇಷ್ಟರಲ್ಲೇ ಸರಿಹೋಗುತ್ತದೆ. ಅಶ್ವಗಂಧವೂ ಒಳ್ಳೆಯದು ಅಂತ ಕೇಳಿದ್ದೇನೆ.

ಮುಂಜಾವು

ಅರ್ಧರಾತ್ರಿ ಅವರೇ, ನಾನೂ ಈ ದಾರಿಯಲ್ಲಿ ಬಂದವಳು. ತರಬೇತಿ ಪಡೆದ ಚಿಕಿತ್ಸಕರ ಜೊತೆ ಕೂತು ಸರಿಮಾಡಿಕೊಂಡೆ. ಆಮೇಲೆ ಈ ವಿಷಯ ಓದುವುದನ್ನು ಬಿಟ್ಟಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ನೀವು ಬರೆದದ್ದರಲ್ಲಿ ಎರಡು ಮಾತು ಮುಖ್ಯ. ಒತ್ತಡ ಹೋದರೂ ನಿದ್ದೆ ಸರಿಹೋಗಲಿಲ್ಲ ಎಂಬುದು ಒಂದು. 9ರಿಂದ 7ರವರೆಗೆ ಹಾಸಿಗೆಯಲ್ಲೇ ಇರುತ್ತೇನೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಾರಣ ಎರಡನೆಯದರಲ್ಲೇ ಇದೆ ಅಂತ ನನಗೆ ಅನಿಸುತ್ತದೆ.

ಆರ್ಥರ್ ಸ್ಪೀಲ್ಮನ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು. ಕೆಲವರ ಸ್ವಭಾವವೇ ಸ್ವಲ್ಪ ಜಾಸ್ತಿ ಎಚ್ಚರದ್ದು. ಅದರ ಮೇಲೆ ಏನೋ ಒಂದು ಬಂದು ನಿದ್ದೆ ಕೆಡಿಸುತ್ತದೆ. ಕಾಯಿಲೆ ಇರಬಹುದು, ಮನೆಯಲ್ಲಿ ಸಾವು ಇರಬಹುದು, ಕೆಲಸದ ಒತ್ತಡ ಇರಬಹುದು. ಇಲ್ಲಿಯವರೆಗೆ ಯಾರಿಗೂ ಆಶ್ಚರ್ಯವಿಲ್ಲ. ನಿದ್ದೆ ಕೆಟ್ಟಾಗ ಅದನ್ನು ಸರಿದೂಗಿಸಲು ನಾವು ಏನೇನೋ ಶುರು ಮಾಡುತ್ತೇವಲ್ಲ, ತೊಂದರೆ ಅಲ್ಲಿದೆ. ಬೇಗ ಮಲಗುತ್ತೇವೆ. ತಡವಾಗಿ ಏಳುತ್ತೇವೆ. ಮಧ್ಯಾಹ್ನ ಮಲಗುತ್ತೇವೆ. ಗಡಿಯಾರ ನೋಡಿ ಲೆಕ್ಕ ಹಾಕುತ್ತೇವೆ. ಮೂಲ ಕಾರಣ ಹೋದ ಮೇಲೂ ಈ ಅಭ್ಯಾಸಗಳು ಉಳಿಯುತ್ತವೆ. ಆಮೇಲೆ ನಿದ್ರಾಹೀನತೆಯನ್ನು ಸಾಕುವುದು ಅವೇ.

ಇದು ಹೇಗೆ ಆಗುತ್ತದೆ ಅಂತ ಗೊತ್ತಾದರೆ ಮುಂದಿನದು ಸುಲಭ. ನಿದ್ದೆ ಬರಲು ಎರಡು ಸಂಗತಿ ಕೂಡಿ ಬರಬೇಕು. ಒಂದು ನಿದ್ದೆಯ ಹಸಿವು. ನಾವು ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ಹೆಚ್ಚಿದಂತೆ ನಿದ್ದೆ ಒತ್ತಿಕೊಂಡು ಬರುತ್ತದೆ. ಮಲಗಿದಾಗ ಅದು ಇಳಿಯುತ್ತದೆ. ಇನ್ನೊಂದು ದೇಹದ ಒಳಗಿನ ಗಡಿಯಾರ. ಅದು ಸುಮಾರು 24 ಗಂಟೆಯ ಲಯದಲ್ಲಿ ನಡೆಯುತ್ತದೆ, ಬೆಳಕು ನೋಡಿ ದಿನವೂ ಸರಿಹೊಂದಿಕೊಳ್ಳುತ್ತದೆ. ಈ ಎರಡರ ಲೆಕ್ಕವನ್ನು 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಎಂಬ ನಿದ್ದೆಯ ಸಂಶೋಧಕರು ಒಟ್ಟಿಗೆ ಇಟ್ಟು ತೋರಿಸಿದರು. ಇವತ್ತಿಗೂ ನಿದ್ದೆಯ ಚಿಕಿತ್ಸೆ ಅದರ ಮೇಲೇ ನಿಂತಿದೆ.

ಈಗ ನೀವು ರಾತ್ರಿ 9ಕ್ಕೇ ಮಲಗುವುದನ್ನು ನೋಡಿ. ಬೆಳಗ್ಗೆ 7ರವರೆಗೆ ಮಲಗಿದ್ದರಿಂದ ಹಸಿವು ಇನ್ನೂ ಪೂರ್ತಿ ಆಗಿರುವುದಿಲ್ಲ. ಅದರ ಮೇಲೆ, ರೂಢಿಯ ನಿದ್ದೆಯ ಹೊತ್ತಿಗೆ ಎರಡು ಮೂರು ಗಂಟೆ ಮೊದಲು ಒಳಗಿನ ಗಡಿಯಾರ ನಮ್ಮನ್ನು ಗಟ್ಟಿಯಾಗಿ ಎಚ್ಚರ ಇಡುತ್ತದೆ. ಆ ಹೊತ್ತಿನಲ್ಲಿ ಮಲಗಿದರೆ ಹೊರಳಾಡದೆ ಇನ್ನೇನು ಮಾಡಲು ಸಾಧ್ಯ? ಇರುವ ಐದೂವರೆ ಗಂಟೆ ನಿದ್ದೆ ಹತ್ತು ಗಂಟೆಗೆ ಹರಡಿಕೊಂಡು ತೆಳುವಾಗುತ್ತದೆ, ನಡುನಡುವೆ ಕಡಿದುಹೋಗುತ್ತದೆ.

ಟಿವಿ ಮುಂದೆ ಕಣ್ಣು ಎಳೆಯುವುದು, ಹಾಸಿಗೆಯಲ್ಲಿ ಎಚ್ಚರ ಆಗುವುದು. ಇದಕ್ಕೂ ಉತ್ತರ ಇದೆ. ಟಿವಿ ಮುಂದೆ ನೀವು ನಿದ್ದೆ ಮಾಡಲು ಪ್ರಯತ್ನಿಸುತ್ತಿಲ್ಲ, ಅಲ್ವಾ? ಹಾಸಿಗೆಯಲ್ಲಿ ಪ್ರಯತ್ನಿಸುತ್ತೀರಿ. ತಿಂಗಳುಗಟ್ಟಲೆ ಅಲ್ಲಿ ಎಚ್ಚರವಾಗಿ, ಕಳವಳಪಡುತ್ತಾ ಮಲಗಿದ್ದರಿಂದ ಹಾಸಿಗೆ ಅಂದರೆ ಎಚ್ಚರ ಅಂತ ಮಿದುಳು ಕಲಿತುಬಿಟ್ಟಿದೆ. ಕಲಿತದ್ದನ್ನು ಮರೆಸಬಹುದು. ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞರು 1972ರಲ್ಲೇ ಅದಕ್ಕೆ ದಾರಿ ತೋರಿಸಿದರು.

ನಾನು ಮಾಡಿದ್ದು, ನೀವೂ ಮಾಡಬಹುದಾದದ್ದು ಇದು. ಬೆಳಗ್ಗೆ ಏಳುವ ಹೊತ್ತನ್ನು ಗಟ್ಟಿಯಾಗಿ ಹಿಡಿಯಿರಿ. 6:30 ಅಂದುಕೊಳ್ಳಿ. ರಾತ್ರಿ ಹೇಗೇ ಇರಲಿ, ರಜೆ ಇರಲಿ, 6:30ಕ್ಕೆ ಏಳಬೇಕು. ಎದ್ದ ಮೇಲೆ ಹೊರಗೆ ಹೋಗಿ ಬೆಳಕಿಗೆ ಮುಖ ಕೊಡಿ. ಮನೆಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಅಷ್ಟೇ, ಹೊರಗಿನ ಹಗಲು ಬೆಳಕು 10,000 ಲಕ್ಸ್ ದಾಟುತ್ತದೆ. ಗಡಿಯಾರಕ್ಕೆ ಚೆನ್ನಾಗಿ ತಿಳಿಯುವುದು ಆ ಬೆಳಕೇ.

ಆಮೇಲೆ ಹಾಸಿಗೆಯಲ್ಲಿರುವ ಸಮಯವನ್ನು ಕಡಿಮೆ ಮಾಡಿ. ನಿಮಗೆ ಐದೂವರೆ ಗಂಟೆ ನಿದ್ದೆ ಆಗುತ್ತಿದ್ದರೆ ಹಾಸಿಗೆಗೂ ಐದೂವರೆ, ಹೆಚ್ಚೆಂದರೆ ಆರು ಗಂಟೆ. ಅಂದರೆ ರಾತ್ರಿ 12:30ಕ್ಕಿಂತ ಮುಂಚೆ ಹಾಸಿಗೆಗೆ ಹೋಗಬೇಡಿ. ಎಂಥ ಸ್ಥಿತಿಯಲ್ಲೂ ಐದು ಗಂಟೆಗಿಂತ ಕೆಳಗೆ ಇಳಿಸಬಾರದು. ಮಲಗಿ ನಿದ್ದೆ ಬರಲಿಲ್ಲ, ಸಿಟ್ಟು ಬರಲು ಶುರುವಾಯಿತು ಅಂದರೆ ಎದ್ದು ಬೇರೆ ಕಡೆ ಹೋಗಿ ಕೂರಿ. ಮಂದ ಬೆಳಕಿನಲ್ಲಿ ಏನಾದರೂ ಓದಿ. ಕಣ್ಣು ಎಳೆದಾಗ ಮಾತ್ರ ವಾಪಸ್ ಬನ್ನಿ. ಗಡಿಯಾರವನ್ನು ಕಣ್ಣಿಗೆ ಕಾಣದಂತೆ ತಿರುಗಿಸಿಡಿ.

ಇದೆಲ್ಲ ಸೇರಿದ ಚಿಕಿತ್ಸೆಗೆ ಸಿಬಿಟಿ-ಐ ಅಂತ ಹೆಸರು, ಅಂದರೆ ಯೋಚನೆ ಮತ್ತು ಅಭ್ಯಾಸ ಬದಲಿಸಿ ನಿದ್ರಾಹೀನತೆ ಸರಿಮಾಡುವ ಚಿಕಿತ್ಸೆ. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಸ್ಥೆ 2016ರಲ್ಲಿ, ದೀರ್ಘಕಾಲದ ನಿದ್ರಾಹೀನತೆ ಇರುವ ಎಲ್ಲ ವಯಸ್ಕರಿಗೂ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಅಂತ ಹೇಳಿತು. ಯುರೋಪಿನ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಸಹಜ ದಾರಿ ಅಂದರೆ ಎಲ್ಲರ ಕಣ್ಣು ಗಿಡಮೂಲಿಕೆ ಬಾಟಲಿ ಕಡೆ ಹೋಗುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಸಹಜವಾದದ್ದು ಇಲ್ಲ. ಹೊರಗಿನಿಂದ ಏನನ್ನೂ ಸೇರಿಸುವುದಿಲ್ಲ, ದೇಹದ ಹಸಿವನ್ನೇ ಬಳಸಿಕೊಳ್ಳುತ್ತೇವೆ.

ಸಂದೇಹಿ

ಮುಂಜಾವು ಅವರೇ, ಗೌರವದಿಂದಲೇ ಕೇಳುತ್ತೇನೆ. ನಿದ್ದೆ ಇಲ್ಲದೆ ಒದ್ದಾಡುತ್ತಿರುವವರಿಗೆ ಇನ್ನೂ ಕಡಿಮೆ ಮಲಗಿ ಅನ್ನುವುದು ಕ್ರೂರ ಅಲ್ವಾ? ವಯಸ್ಕರಿಗೆ ಏಳು ಗಂಟೆಯಾದರೂ ಬೇಕು ಅಂತಾರೆ. ಆರೋಗ್ಯ ಹಾಳಾಗುವುದಿಲ್ಲವೇ?

ಮುಂಜಾವು

ನ್ಯಾಯವಾದ ಪ್ರಶ್ನೆ. ನಾವು ಕಡಿಮೆ ಮಾಡುವುದು ಹಾಸಿಗೆಯ ಸಮಯ. ಅದರಲ್ಲಿ ದೊಡ್ಡ ಪಾಲು ಈಗಾಗಲೇ ಎಚ್ಚರದಲ್ಲೇ ಕಳೆಯುತ್ತಿದೆ. ಆದರೂ ಮೊದಲ ಒಂದೆರಡು ವಾರ ಹಗಲು ತೂಕಡಿಕೆ ಬರುತ್ತದೆ, ತಲೆ ಭಾರ ಇರುತ್ತದೆ. ಅದನ್ನು ಮುಚ್ಚಿಡಬಾರದು. ಆ ದಿನಗಳಲ್ಲಿ ದೂರ ಗಾಡಿ ಓಡಿಸಬೇಡಿ, ಎತ್ತರದಲ್ಲಿ ಅಥವಾ ಯಂತ್ರದ ಹತ್ತಿರ ಕೆಲಸ ಮಾಡಬೇಡಿ. ಅಂಥ ಕೆಲಸವೇ ನಿಮ್ಮ ಜೀವನವಾದರೆ ವೈದ್ಯರ ಜೊತೆ ಮಾತಾಡದೆ ಶುರು ಮಾಡಬೇಡಿ.

ಇದು ತಾತ್ಕಾಲಿಕ. ಹಾಸಿಗೆಯಲ್ಲಿದ್ದ ಸಮಯದಲ್ಲಿ ಶೇ 85ಕ್ಕಿಂತ ಜಾಸ್ತಿ ನಿದ್ದೆಯಲ್ಲೇ ಹೋಯಿತು ಅಂದರೆ ಮುಂದಿನ ವಾರ 15 ನಿಮಿಷ ಬೇಗ ಮಲಗಬಹುದು. ಅದೂ ತುಂಬಿದರೆ ಇನ್ನೊಂದು 15 ನಿಮಿಷ. ಹೀಗೆ ಏಳು ಗಂಟೆಯೋ ಏಳೂವರೆಯೋ, ನಿಮ್ಮ ದೇಹಕ್ಕೆ ಬೇಕಾದಷ್ಟಕ್ಕೆ ಬಂದು ನಿಲ್ಲುತ್ತೀರಿ.

ಲ್ಯಾಬ್‌ಕೋಟು

ನಾನು ನಿದ್ದೆ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮುಂಜಾವು ಅವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಅದಕ್ಕೂ ಮೊದಲು ನೋಡಬೇಕಾದದ್ದು ಕೆಲವು ಇವೆ. ದಯವಿಟ್ಟು ಇದನ್ನು ದಾಟಿ ಹೋಗಬೇಡಿ.

ಜೋರಾಗಿ ಗೊರಕೆ ಹೊಡೆಯುತ್ತೀರಾ? ನಿದ್ದೆಯಲ್ಲಿ ಉಸಿರು ನಿಂತಂತಾಗಿ ಏದುಸಿರು ಬಿಟ್ಟು ಏಳುತ್ತೀರಾ? ಬೆಳಗ್ಗೆ ಬಾಯಿ ಒಣಗಿ ತಲೆ ನೋಯುತ್ತದೆಯೇ? ಅದು ಸ್ಲೀಪ್ ಅಪ್ನಿಯಾ ಇರಬಹುದು. ಗಂಟಲಿನ ದಾರಿ ಮತ್ತೆ ಮತ್ತೆ ಮುಚ್ಚಿಕೊಂಡು ಉಸಿರು ಕಟ್ಟುತ್ತದೆ, ಮಿದುಳು ಎಬ್ಬಿಸುತ್ತದೆ. ನಡುರಾತ್ರಿ ಪದೇ ಪದೇ ಎಚ್ಚರ ಆಗುವವರಲ್ಲಿ ಇದನ್ನು ಬಹಳ ನೋಡಿದ್ದೇನೆ. ಮನಸ್ಸಿನ ಒತ್ತಡ ಅಂದುಕೊಂಡೇ ವರ್ಷಗಟ್ಟಲೆ ಕಳೆದಿರುತ್ತಾರೆ. ಪಕ್ಕದಲ್ಲಿ ಮಲಗುವವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ಸಂಜೆಯಾದರೆ ಕಾಲೊಳಗೆ ಏನೋ ಹರಿದಾಡಿದಂತೆ ಆಗಿ, ಅಲ್ಲಾಡಿಸದೆ ಇರಲಾಗದೆ, ಅಲ್ಲಾಡಿಸಿದರೆ ಸಮಾಧಾನ ಆಗುತ್ತದೆಯೇ? ಅದು ರೆಸ್ಟ್‌ಲೆಸ್ ಲೆಗ್ಸ್. ಎಷ್ಟೋ ಸಲ ದೇಹದಲ್ಲಿ ಕಬ್ಬಿಣದ ದಾಸ್ತಾನು ಕಡಿಮೆ ಇರುವುದು ಕಾರಣ. ಫೆರಿಟಿನ್ ಎಂಬ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ನಿದ್ದೆ ಹೋಗುತ್ತದೆ. ಕೆಲವು ಔಷಧಿಗಳಿಂದಲೂ ಹೋಗುತ್ತದೆ. ಬೆಳಗಿನ ಜಾವಕ್ಕೇ ಎಚ್ಚರವಾಗಿ, ಮನಸ್ಸು ಭಾರವಾಗಿ, ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೂ ಚಿಕಿತ್ಸೆ ಬೇಕು, ನಾಚಿಕೆ ಬೇಡ.

ಇನ್ನೊಂದು ಎಚ್ಚರಿಕೆ. ಬೈಪೋಲಾರ್ ಕಾಯಿಲೆ, ಮೂರ್ಛೆರೋಗ, ನಿದ್ದೆಯಲ್ಲಿ ನಡೆಯುವ ತೊಂದರೆ ಇರುವವರು ಹಾಸಿಗೆಯ ಸಮಯ ಕಡಿತ ಮಾಡುವುದನ್ನು ತಾವೇ ಶುರು ಮಾಡಬಾರದು. ನಿದ್ದೆ ಕಡಿಮೆಯಾದರೆ ಉನ್ಮಾದ ಕೆರಳಬಹುದು, ಫಿಟ್ಸ್ ಬರಬಹುದು. ಈಗಾಗಲೇ ದಿನವೂ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದನ್ನು ಒಮ್ಮೆಲೇ ನಿಲ್ಲಿಸಬಾರದು. ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಅರ್ಧರಾತ್ರಿ

ಗೊರಕೆ ಇಲ್ಲ, ಕಾಲಿನ ತೊಂದರೆಯೂ ಇಲ್ಲ. ಆದರೂ ರಕ್ತಪರೀಕ್ಷೆ ಮಾಡಿಸುತ್ತೇನೆ. ಇಷ್ಟು ವಿವರವಾಗಿ ಬರೆದದ್ದಕ್ಕೆ ಇಬ್ಬರಿಗೂ ಧನ್ಯವಾದ. ಮೆಲಟೋನಿನ್, ಗಿಡಮೂಲಿಕೆ ಬಗ್ಗೆ ಯಾರೂ ಹೇಳಲಿಲ್ಲ. ಅವು ಪೂರ್ತಿ ಸುಳ್ಳಾ?

ಕಷಾಯಪ್ರಿಯೆ

ಹೆಸರು ನೋಡಿ ಗಿಡಮೂಲಿಕೆಯ ಪಕ್ಷ ಅಂದುಕೊಳ್ಳಬೇಡಿ. ಫಾರ್ಮಸಿ ಓದಿದವಳು ನಾನು.

ಮೆಲಟೋನಿನ್ ಕತ್ತಲಾಯಿತು ಅಂತ ದೇಹಕ್ಕೆ ತಿಳಿಸುವ ಹಾರ್ಮೋನು. ನಿದ್ದೆಗೆ ದೂಡುವ ಬಲ ಅದಕ್ಕೆ ಕಡಿಮೆ. ದೂರದೇಶಕ್ಕೆ ಹಾರಿ ಹೊತ್ತು ತಪ್ಪಿದವರಿಗೆ, ಬೆಳಗಿನ ಜಾವದವರೆಗೆ ನಿದ್ದೆಯೇ ಬಾರದಂತೆ ಗಡಿಯಾರ ಹಿಂದೆ ಸರಿದವರಿಗೆ ಸರಿಯಾದ ಹೊತ್ತಿನಲ್ಲಿ ಕೊಟ್ಟರೆ ಉಪಯೋಗ ಇದೆ. ಸಾಮಾನ್ಯ ನಿದ್ರಾಹೀನತೆಗೆ ಬೇಡ ಅಂತಲೇ ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2017ರಲ್ಲಿ ಸಲಹೆ ಕೊಟ್ಟಿತು. ವಲೇರಿಯನ್ ಬೇರಿನ ಬಗ್ಗೆಯೂ ಅದೇ ಮಾತು. ಬಾಟಲಿಯ ಮೇಲೆ ಬರೆದದ್ದನ್ನು ನಂಬುವುದೂ ಕಷ್ಟ. ಕೆನಡಾದಲ್ಲಿ 2017ರಲ್ಲಿ 31 ಮೆಲಟೋನಿನ್ ಉತ್ಪನ್ನ ಪರೀಕ್ಷೆ ಮಾಡಿದರು. ಒಂದರಲ್ಲಿ ಬರೆದದ್ದಕ್ಕಿಂತ ಶೇ 83 ಕಡಿಮೆ ಇತ್ತು, ಇನ್ನೊಂದರಲ್ಲಿ ಶೇ 478 ಜಾಸ್ತಿ ಇತ್ತು.

ಅಶ್ವಗಂಧದ ಮೇಲೆ ಕೆಲವು ಸಣ್ಣ ಅಧ್ಯಯನಗಳು ಸ್ವಲ್ಪ ಲಾಭ ತೋರಿಸಿವೆ. ಅಪರೂಪಕ್ಕೆ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳೂ ಇವೆ. ಗರ್ಭಿಣಿಯರು ತೆಗೆದುಕೊಳ್ಳಬಾರದು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಲೇಬೇಕು. ಕಾವಾ ಎಂಬ ಬೇರು ಲಿವರ್‌ಗೆ ಅಪಾಯಕಾರಿ, ಅದರ ತಂಟೆಗೆ ಹೋಗಬೇಡಿ. ಕ್ಯಾಮೊಮೈಲ್ ಚಹಾದಿಂದ ಹೆಚ್ಚಿನವರಿಗೆ ಕೆಡುಕಿಲ್ಲ, ಬೆಚ್ಚಗೆ ಕುಡಿದು ಮನಸ್ಸು ಹಗುರ ಆದರೆ ಕುಡಿಯಿರಿ. ಅದೇ ಚಿಕಿತ್ಸೆ ಅಂತ ನಂಬಿ ಕೂರಬೇಡಿ. ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂಬ ಮಾತು ಕೇಳಿದಾಗ ನನಗೆ ನಿಜಕ್ಕೂ ಭಯವಾಗುತ್ತದೆ.

ಹೊಸದಾಗಿ ಏನನ್ನೋ ಸೇರಿಸುವ ಬದಲು ಕೆಫೀನ್ ತೆಗೆಯಿರಿ. ಅದು ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಹಸಿವು ಇದ್ದರೂ ಮಿದುಳಿಗೆ ತಿಳಿಯುವುದಿಲ್ಲ. ಕುಡಿದದ್ದರಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. 2013ರ ಒಂದು ಅಧ್ಯಯನದಲ್ಲಿ ಮಲಗುವುದಕ್ಕೆ 6 ಗಂಟೆ ಮೊದಲು 400 ಮಿಲಿಗ್ರಾಂ ಕೊಟ್ಟರೂ ಒಂದು ಗಂಟೆಗಿಂತ ಜಾಸ್ತಿ ನಿದ್ದೆ ಹೋಯಿತು. ಮಧ್ಯಾಹ್ನದ ನಂತರ ಕಾಫಿ, ಟೀ, ಎನರ್ಜಿ ಡ್ರಿಂಕ್ ಬಿಟ್ಟು ನೋಡಿ. ಮದ್ಯವೂ ಹಾಗೆಯೇ. ಬೇಗ ನಿದ್ದೆ ಹತ್ತಿಸುತ್ತದೆ, ರಾತ್ರಿಯ ಎರಡನೇ ಅರ್ಧವನ್ನು ಚೂರು ಮಾಡುತ್ತದೆ.

ತಿಳಿಗಾಳಿ

ಹಾಗಾದರೆ ಬಿಸಿನೀರು, ಫೋನ್ ದೂರ ಇಡುವುದು, ಇವೆಲ್ಲ ವ್ಯರ್ಥವೇ?

ಕಷಾಯಪ್ರಿಯೆ

ವ್ಯರ್ಥ ಅಲ್ಲ. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಬಿಸಿನೀರಿನ ಸ್ನಾನ ಮಾಡಿದರೆ ಕೈಕಾಲಿನ ಚರ್ಮಕ್ಕೆ ರಕ್ತ ಬಂದು ದೇಹದ ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಒಳಗಿನ ಉಷ್ಣ ಇಳಿದರೆ ನಿದ್ದೆ ಬೇಗ ಹತ್ತುತ್ತದೆ. ಆದರೆ ಬೇರೂರಿದ ನಿದ್ರಾಹೀನತೆಗೆ ಇಂಥ ಸಲಹೆಗಳು ಒಂಟಿಯಾಗಿ ಸಾಲುವುದಿಲ್ಲ. ವಾರಕ್ಕೆ ಮೂರು ರಾತ್ರಿಯಾದರೂ ಹೀಗಾಗುತ್ತಿದ್ದು, ಮೂರು ತಿಂಗಳು ದಾಟಿದ್ದರೆ ಅದು ದೀರ್ಘಕಾಲದ್ದು ಅಂತ ಲೆಕ್ಕ. ಅಂಥವರು ಇವನ್ನೆಲ್ಲ ಪಾಲಿಸಿ ದಣಿದಿರುತ್ತಾರೆ. ಅವರಿಗೆ ಮತ್ತೆ ಅದೇ ಪಟ್ಟಿ ಕೊಟ್ಟರೆ ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ.

ರಾತ್ರಿಪಾಳಿ

ನನ್ನದು ನೈಟ್ ಶಿಫ್ಟ್. ಬೆಳಗ್ಗೆ 6:30ಕ್ಕೆ ಏಳಿ ಅಂದರೆ ನಾನು ಏನು ಮಾಡಲಿ? ಆ ಹೊತ್ತಿಗೆ ಮನೆಗೆ ಬರುತ್ತಿರುತ್ತೇನೆ.

ಲ್ಯಾಬ್‌ಕೋಟು

ನಿಮ್ಮದು ಬೇರೆ ಕಥೆ. ನಿಮ್ಮ ನಿದ್ದೆ ಗಡಿಯಾರದ ವಿರುದ್ಧ ಈಜುತ್ತಿದೆ. ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿ, ತೂಕಡಿಕೆ ಇದ್ದರೆ ಮಾತ್ರ ನೀವೇ ಗಾಡಿ ಓಡಿಸಬೇಡಿ. ಮಲಗುವ ಕೋಣೆ ಪೂರ್ತಿ ಕತ್ತಲಿರಲಿ. ಪಾಳಿಯ ಮೊದಲರ್ಧದಲ್ಲಿ ಪ್ರಖರ ಬೆಳಕು ಒಳ್ಳೆಯದು, ಕಾಫಿಯೂ ಆಗಲೇ ಮುಗಿಯಲಿ. ರಜೆಯ ದಿನ ಪೂರ್ತಿ ಉಲ್ಟಾ ಮಾಡದೆ, ಪಾಳಿಯ ದಿನವೂ ರಜೆಯ ದಿನವೂ ಕೆಲವು ಗಂಟೆಯಾದರೂ ಒಂದೇ ಹೊತ್ತಿಗೆ ಮಲಗಿ. ಪಾಳಿಗೆ ಹೋಗುವ ಮುಂಚೆ ಸಣ್ಣ ನಿದ್ದೆ ತೆಗೆಯಿರಿ.

ಹಿರಿಮಗಳು

ಅಮ್ಮನಿಗೆ 70 ದಾಟಿದೆ. ಎಂಟೂವರೆಗೆ ಮಲಗುತ್ತಾರೆ, ಮೂರಕ್ಕೆ ಎದ್ದು ಕೂರುತ್ತಾರೆ. ನಿದ್ದೆಯೇ ಬರಲಿಲ್ಲ ಅಂತ ದಿನವೂ ಕಣ್ಣೀರು. ನೋಡಿ ಸಂಕಟ ಆಗುತ್ತದೆ. ಅಲರ್ಜಿ ಮಾತ್ರೆ ಕೊಟ್ಟರೆ ನಿದ್ದೆ ಬರುತ್ತದೆ ಅಂತ ಯಾರೋ ಹೇಳಿದರು. ಕೊಡಬಹುದಾ?

ಮುಂಜಾವು

ಎಂಟೂವರೆಯಿಂದ ಮೂರು ಅಂದರೆ ಆರೂವರೆ ಗಂಟೆ. ಮಲಗಿದ ಕೂಡಲೇ ನಿದ್ದೆ ಹತ್ತುತ್ತಿದ್ದರೆ ಅಮ್ಮನ ನಿದ್ದೆ ಅಷ್ಟೇನೂ ಕಡಿಮೆ ಇಲ್ಲ, ಹೊತ್ತು ಮಾತ್ರ ಬೇಗ ಆಗಿದೆ. ವಯಸ್ಸಾದಂತೆ ಒಳಗಿನ ಗಡಿಯಾರ ಬೇಗನೇ ನಿದ್ದೆ ಕರೆದು ಬೇಗನೇ ಎಬ್ಬಿಸುವುದು, ಗಾಢ ನಿದ್ದೆ ಕಡಿಮೆಯಾಗುವುದು, ಎಚ್ಚರ ಜಾಸ್ತಿಯಾಗುವುದು ಸಹಜ. ಇದನ್ನು ಅವರಿಗೆ ಪ್ರೀತಿಯಿಂದ ತಿಳಿಸಿ. ಅರ್ಧ ದುಃಖ ಅಲ್ಲೇ ಇಳಿಯುತ್ತದೆ. ಸಂಜೆ ಬೆಳಕಿದ್ದಾಗ ಹೊರಗೆ ಕರೆದುಕೊಂಡು ಹೋಗಿ, ಮನೆಯಲ್ಲೂ ರಾತ್ರಿ ಊಟದವರೆಗೆ ಚೆನ್ನಾಗಿ ದೀಪ ಇರಲಿ. ಮಲಗುವ ಹೊತ್ತನ್ನು ಕೆಲವು ದಿನಕ್ಕೊಮ್ಮೆ 15 ನಿಮಿಷದಂತೆ ತಡ ಮಾಡುತ್ತಾ ಹೋಗಿ. ಹಿರಿಯರಿಗೆ ಒಮ್ಮೆಲೇ ಕಡಿತ ಬೇಡ. ಕತ್ತಲಲ್ಲಿ ಎದ್ದು ಓಡಾಡಿದರೆ ಬೀಳುವ ಭಯ ಇದೆ. ಎಚ್ಚರವಾದರೆ ಅಲ್ಲೇ ಎದ್ದು ಕೂತು ಏನಾದರೂ ಕೇಳಿಸಿಕೊಳ್ಳಲಿ.

ಕಷಾಯಪ್ರಿಯೆ

ಹಿರಿಮಗಳು, ಆ ಅಲರ್ಜಿ ಮಾತ್ರೆ ಬೇಡವೇ ಬೇಡ. ಡೈಫೆನ್‌ಹೈಡ್ರಮಿನ್ ಥರದ ಹಳೆಯ ಅಲರ್ಜಿ ಔಷಧಿಗಳು ವಯಸ್ಸಾದವರಲ್ಲಿ ಗೊಂದಲ ತರುತ್ತವೆ, ಮೂತ್ರ ಕಟ್ಟಿಸುತ್ತವೆ, ಬೀಳಿಸುತ್ತವೆ. ರಾತ್ರಿ ಮೂತ್ರಕ್ಕೆ ಏಳುವುದು, ಮಂಡಿ ನೋವು, ಬಿಪಿ ಮಾತ್ರೆ ತೆಗೆದುಕೊಳ್ಳುವ ಹೊತ್ತು, ಇವನ್ನು ವೈದ್ಯರ ಹತ್ತಿರ ಕೇಳಿ.

ಅರ್ಧರಾತ್ರಿ

ಎಲ್ಲರಿಗೂ ಮತ್ತೆ ನಮಸ್ಕಾರ. ರಕ್ತಪರೀಕ್ಷೆ ಮಾಡಿಸಿದೆ, ಎಲ್ಲ ಸರಿ ಇದೆ. ವೈದ್ಯರನ್ನು ಕೇಳಿಯೇ ಮುಂಜಾವು ಅಕ್ಕ ಹೇಳಿದ ಕ್ರಮ ಹಿಡಿದೆ. ಮೊದಲ ದಿನಗಳು ಬಹಳ ಕಷ್ಟವಾಯಿತು. 12:30ರವರೆಗೆ ಎದ್ದಿರುವುದೇ ದೊಡ್ಡ ಕೆಲಸ. ಈಗ ಹಾಸಿಗೆಗೆ ಹೋದರೆ ಸ್ವಲ್ಪ ಹೊತ್ತಲ್ಲೇ ನಿದ್ದೆ ಬರುತ್ತಿದೆ. ಇದು ನನಗೆ ಎಷ್ಟು ದೊಡ್ಡ ವಿಷಯ ಅಂತ ನಿಮಗೆಲ್ಲ ಗೊತ್ತು.

ಮೂರು ಗಂಟೆಯ ಎಚ್ಚರ ಇನ್ನೂ ಆಗಾಗ ಬರುತ್ತದೆ. ಆಗ ನಾಳೆಯ ಕೆಲಸಗಳು ಒಂದರ ಹಿಂದೆ ಒಂದು ತಲೆಗೆ ಬರುತ್ತವೆ. ಕೈಯಲ್ಲಿ ಕಟ್ಟುವ ವಾಚು ಗಾಢ ನಿದ್ದೆ ಕಡಿಮೆ ಅಂತ ತೋರಿಸುತ್ತಿದೆ. ಅದೂ ಒಂದು ಚಿಂತೆ.

ಮುಂಜಾವು

ತುಂಬಾ ಸಂತೋಷವಾಯಿತು! ವಾಚನ್ನು ಡ್ರಾಯರಿನಲ್ಲಿಡಿ. ಅದು ಕೈಯ ಅಲುಗಾಟ, ನಾಡಿ ನೋಡಿ ಊಹಿಸುತ್ತದೆ. ಮಿದುಳಿನ ಅಲೆ ಅಳೆಯುವುದಿಲ್ಲ. ಆ ಅಂಕಿ ನೋಡಿಯೇ ನಿದ್ದೆಗೆಟ್ಟವರ ಬಗ್ಗೆ 2017ರಲ್ಲಿ ಸಂಶೋಧಕರು ಬರೆದು, ಅದಕ್ಕೆ ಆರ್ಥೊಸೋಮ್ನಿಯಾ ಅಂತ ಹೆಸರನ್ನೂ ಇಟ್ಟಿದ್ದಾರೆ.

ನಡುರಾತ್ರಿ ಎಚ್ಚರ ಆಗುವುದು ಎಲ್ಲರಿಗೂ ಇದೆ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಬರುತ್ತದೆ, ಪ್ರತಿ ಸುತ್ತಿನ ಕೊನೆಗೆ ಮೇಲೆ ತೇಲುತ್ತೇವೆ. ಚಿಂತೆ ಹಿಡಿಯದಿದ್ದರೆ ಬೆಳಗ್ಗೆ ಅದು ನೆನಪಲ್ಲೂ ಇರುವುದಿಲ್ಲ. ನಾಳೆಯ ಕೆಲಸಗಳನ್ನು ಮಲಗುವ ಮುಂಚೆ ಐದು ನಿಮಿಷ ಕಾಗದದ ಮೇಲೆ ಬರೆಯಿರಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷೆ ಮಾಡಿದ್ದರು. ಮುಂದಿನ ಕೆಲಸಗಳನ್ನು ಬರೆದವರಿಗೆ, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಬಂತು. ಬಿಡಿಬಿಡಿಯಾಗಿ ಬರೆದಷ್ಟೂ ಒಳ್ಳೆಯದು. ಮೂರು ಗಂಟೆಗೆ ಎದ್ದಾಗ ಮೈಯ ಒಂದೊಂದು ಭಾಗವನ್ನು ಬಿಗಿಮಾಡಿ ಸಡಿಲ ಬಿಡಿ. ಪಾದದಿಂದ ಶುರು ಮಾಡಿ ಹಣೆಯವರೆಗೆ ಬನ್ನಿ. ನಿದ್ದೆ ಬರಲಿ ಅಂತ ಮಾಡಬೇಡಿ. ಮೈ ಹಗುರ ಆದರೆ ಸಾಕು.

ಸಂದೇಹಿ

ನಾನೂ ಶುರು ಮಾಡಬೇಕು ಅಂದುಕೊಂಡಿದ್ದೇನೆ. ಶೇ 85 ಲೆಕ್ಕ ಹೇಗೆ ಹಾಕುವುದು? ವಾಚು ಬೇಡ ಅಂದಿರಿ, ಗಡಿಯಾರ ತಿರುಗಿಸಿಡಿ ಅಂದಿರಿ.

ಮುಂಜಾವು

ಅಂದಾಜು ಸಾಕು. ಬೆಳಗ್ಗೆ ಎದ್ದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಹಾಸಿಗೆಗೆ ಹೋದ ಹೊತ್ತು, ನಿದ್ದೆ ಬರಲು ಸುಮಾರು ಎಷ್ಟು ಹೊತ್ತಾಯಿತು, ನಡುವೆ ಎಚ್ಚರ ಇದ್ದದ್ದು ಎಷ್ಟು, ಕೊನೆಗೆ ಎಚ್ಚರವಾದ ಹೊತ್ತು, ಹಾಸಿಗೆ ಬಿಟ್ಟ ಹೊತ್ತು. ರಾತ್ರಿಯಲ್ಲೇ ಬರೆಯಬೇಡಿ. ವಾರದ ಕೊನೆಗೆ ನಿದ್ದೆಯ ಗಂಟೆಗಳನ್ನೆಲ್ಲ ಕೂಡಿ, ಹಾಸಿಗೆಯ ಗಂಟೆಗಳಿಂದ ಭಾಗಿಸಿ, ನೂರರಿಂದ ಗುಣಿಸಿ. ಹಾಸಿಗೆಯಲ್ಲಿ 42 ಗಂಟೆ, ನಿದ್ದೆ 36 ಗಂಟೆ ಅಂದರೆ ಸುಮಾರು ಶೇ 86 ಬಂತು. ಮುಂದಿನ ವಾರ 15 ನಿಮಿಷ ಬೇಗ ಮಲಗಬಹುದು. 80ರಿಂದ 85ರ ನಡುವೆ ಇದ್ದರೆ ಏನೂ ಬದಲಿಸಬೇಡಿ. ಅದಕ್ಕಿಂತ ಕಡಿಮೆ ಇದ್ದರೆ 15 ನಿಮಿಷ ತಡ ಮಾಡಿ, ಐದು ಗಂಟೆಯ ಗೆರೆ ಮಾತ್ರ ದಾಟಬೇಡಿ.

ಶುರು ಮಾಡುವ ಮುಂಚೆ ಒಂದು ವಾರ ಏನನ್ನೂ ಬದಲಿಸದೆ ಸುಮ್ನೆ ಬರೆದಿಡಿ. ಆ ವಾರದ ಸರಾಸರಿ ನಿದ್ದೆ ಎಷ್ಟು ಬಂತು ಅಂತ ಇಲ್ಲಿ ಹಾಕಿ. ಮಲಗುವ ಹೊತ್ತು ಯಾವುದು ಅಂತ ಕೂತು ಲೆಕ್ಕ ಹಾಕೋಣ.